ಹಿಂಬದಿ ಖಾಲಿ ಇರುವ ಕಾರ್ಡು

ಮೇಸ್ತ್ರಿಯ ಮಗಳು ತೀರಿಕೊಂಡು ಹನ್ನೊಂದು ತಿಂಗಳಾಗಿದ್ದಾಗ ಆಸ್ಪತ್ರೆಯಿಂದ ಫೋನು ಬಂತು. ಮೇಸ್ತ್ರಿ ಎಂದರೆ ಮನೆ ಕಟ್ಟುವ ಮೇಸ್ತ್ರಿಯಲ್ಲ, ಕಾಗದ ಕತ್ತರಿಸುವವನು. ಒಂದು ಹಳೆಯ ಅಚ್ಚುಕೂಟದ ಕಟಿಂಗ್ ಮಷಿನ್ನಿನ ಮುಂದೆ ಮೂವತ್ತೊಂದು ವರ್ಷದಿಂದ ನಿಂತವನು. ಅಚ್ಚಾಗಿ ಬಂದ ದೊಡ್ಡ ಹಾಳೆಗಳನ್ನು ಕಟ್ಟು ಕಟ್ಟಿ, ತಟ್ಟಿ ಸಮಮಾಡಿ, ಬ್ಲೇಡಿನ ಕೆಳಗಿಟ್ಟು, ಎರಡು ಕೈಯಲ್ಲಿ ಎರಡು ಗುಂಡಿ ಒಟ್ಟಿಗೆ ಒತ್ತಿ ಕತ್ತರಿಸುವುದು ಅವನ ಕೆಲಸ. ಒಂದು ಕೈ ತೆಗೆದರೂ ಬ್ಲೇಡು ನಿಂತುಬಿಡುತ್ತದೆ. ಬೆರಳು ಉಳಿಯಲಿ ಎಂದೇ ಹಾಗೆ ಮಾಡಿದ್ದಾರೆ.

ಮಗಳು ಹೋದ ನಾಲ್ಕನೆಯ ದಿನವೇ ಅವನು ಕೆಲಸಕ್ಕೆ ಬಂದಿದ್ದ. ಮಾಲೀಕರು ಹೆದರಿಕೊಂಡು, ಪಕ್ಕದ ಅಚ್ಚಿನ ಯಂತ್ರ ನೋಡಿಕೊಳ್ಳುವ ಇಂಕಣ್ಣನಿಗೆ, “ಇವನ ಮೇಲೆ ಒಂದು ಕಣ್ಣಿಟ್ಟಿರಪ್ಪ” ಎಂದು ಗುಟ್ಟಾಗಿ ಹೇಳಿದ್ದರು. ಉಗುರಿನ ಸಂದಿಯ ಶಾಯಿ ಯಾವ ಸೋಪಿಗೂ ಹೋಗದೆ ಆ ಹೆಸರು ಪಡೆದಿದ್ದ ಇಂಕಣ್ಣ ಒಂದು ತಿಂಗಳು ನೋಡಿದ. ನೋಡುವಂಥದ್ದು ಏನೂ ಇರಲಿಲ್ಲ. ಮೇಸ್ತ್ರಿ ಮೊದಲಿಗಿಂತ ಅಚ್ಚುಕಟ್ಟಾಗಿ ಕತ್ತರಿಸುತ್ತಿದ್ದ. ಕೂದಲೆಳೆಯಷ್ಟೂ ಆಚೀಚೆ ಆಗುತ್ತಿರಲಿಲ್ಲ. ಊಟದ ಹೊತ್ತಿಗೆ ಊಟ ಮಾಡುತ್ತಿದ್ದ, ಯಾರಾದರೂ ತಮಾಷೆ ಮಾಡಿದರೆ ಎಲ್ಲರ ಜೊತೆ ತುಟಿ ಅಗಲಿಸುತ್ತಿದ್ದ. ಅಳು ಬಂದಿರಲಿಲ್ಲ. ಬರುತ್ತೆ, ಬರುತ್ತೆ ಎಂದು ಎಲ್ಲರೂ ಹೇಳಿದ್ದರಿಂದ ಬಸ್ಸಿಗೆ ಕಾಯುವವನ ಹಾಗೆ ಸ್ವಲ್ಪ ದಿನ ಕಾದ. ಆಮೇಲೆ ಕಾಯುವುದನ್ನೂ ಬಿಟ್ಟ.

ಮಗಳಿಗೆ ಇಪ್ಪತ್ತಮೂರು. ನಾಯಿ-ಬೆಕ್ಕುಗಳ ಆಸ್ಪತ್ರೆಯೊಂದರಲ್ಲಿ ಸಹಾಯಕಿಯಾಗಿದ್ದಳು. ಒಂದು ಬೆಳಿಗ್ಗೆ ಮೆಟ್ಟಿಲ ಮೇಲೆ ಕೂತು ಬೂಟು ಹಾಕಿಕೊಳ್ಳುತ್ತ, “ಅಪ್ಪಾ, ತಲೆ” ಎಂದಳು. ಮುಂದಿನ ಮಾತು ಬರಲಿಲ್ಲ. ತಲೆಯೊಳಗೆ ನರ ಒಡೆದಿದೆ ಎಂದರು ಡಾಕ್ಟರು. ಯಾರನ್ನೂ ದೂರುವ ಹಾಗಿರಲಿಲ್ಲ. ಮೂರನೆಯ ದಿನ, ಇನ್ನು ಎದೆ ಬಡಿಯುತ್ತಿರುವುದು ಯಂತ್ರದ ದಯೆಯಿಂದ ಮಾತ್ರ ಎಂದು ತಿಳಿಸಿದರು. ಅಂಗಾಂಗ ದಾನದ ವಿಭಾಗದ ಸಂಯೋಜಕಿ ಬಂದು, ಬಹಳ ಮೆತ್ತಗೆ, ಒಂದು ಪ್ರಶ್ನೆ ಕೇಳಿದಳು. ಮೇಸ್ತ್ರಿ ಸಹಿ ಹಾಕಿದ. ಹೆಂಡತಿ ಆಗ ಮಗಳ ಬಟ್ಟೆ ತರಲು ಮನೆಗೆ ಹೋಗಿದ್ದಳು. ಬರಲಿ ಎಂದು ಅವನು ಕಾಯಲಿಲ್ಲ. ಯಾಕೆ ಕಾಯಲಿಲ್ಲವೆಂದು ಅವನಿಗೂ ಗೊತ್ತಿಲ್ಲ. ಮಗಳಿಂದ ಐದು ಜನಕ್ಕೆ ಉಪಯೋಗವಾಯಿತು ಎಂದು ಆಮೇಲೆ ಕಾಗದ ಬಂತು. ಹೆಂಡತಿ ಅದನ್ನು ಓದಿ, ಮಡಿಸಿ, ಡ್ರಾಯರಿಗೆ ಹಾಕಿದಳು. ಆ ಸಹಿಯ ವಿಚಾರ ಗಂಡ-ಹೆಂಡಿರ ನಡುವೆ ಮತ್ತೆ ಬರಲಿಲ್ಲ.

ಈಗ ಫೋನು ಮಾಡಿದವಳೂ ಅದೇ ಸಂಯೋಜಕಿ.

“ಸರ್, ನಿಮಗೆ ಒಂದು ಪತ್ರ ಬಂದಿದೆ. ನಿಮ್ಮ ಮಗಳಿಂದ ಉಪಕಾರ ಆದವರಲ್ಲಿ ಒಬ್ಬರು ಬರೆದಿದ್ದಾರೆ. ಬೇಕು ಅಂದ್ರೆ ಮಾತ್ರ ಕೊಡ್ತೀನಿ. ಬೇಡ ಅಂದ್ರೂ ಏನೂ ತಪ್ಪಿಲ್ಲ.”

“ಬರ್ತೀನಿ” ಎಂದ ಮೇಸ್ತ್ರಿ.

ಮರುದಿನ ಮಧ್ಯಾಹ್ನ ಅರ್ಧ ದಿನ ರಜೆ ಹಾಕಿ ಹೋದ. ಅದೇ ಲಿಫ್ಟು, ಅದೇ ಉದ್ದನೆಯ ಕಾರಿಡಾರು, ಗೋಡೆಗೆ ಅದೇ ತಿಳಿಹಸಿರು. ಆವತ್ತು ಕೂತಿದ್ದ ಕುರ್ಚಿಯ ಮುಂದೆ ಹಾದುಹೋಗುವಾಗ ಏನಾದರೂ ಆದೀತು ಎಂದುಕೊಂಡಿದ್ದ. ಏನೂ ಆಗಲಿಲ್ಲ. ಕುರ್ಚಿಯ ಒಂದು ಕಾಲಿಗೆ ರಬ್ಬರ್ ಬುಡ ಇಲ್ಲದ್ದು ಮಾತ್ರ ಕಣ್ಣಿಗೆ ಬಿತ್ತು.

ಸಂಯೋಜಕಿ ಪತ್ರ ಕೊಟ್ಟು ನಿಯಮ ಹೇಳಿದಳು. ಎರಡೂ ಕಡೆಯವರಿಗೆ ಒಬ್ಬರಿಗೊಬ್ಬರು ಯಾರೆಂದು ತಿಳಿಯಬಾರದು. ಹೆಸರು, ಊರು, ಕೆಲಸ ಮಾಡುವ ಜಾಗ, ಯಾವುದನ್ನೂ ಬರೆಯುವಂತಿಲ್ಲ. ಉತ್ತರ ಬರೆಯುವುದಾದರೆ ಲಕೋಟೆ ಅಂಟಿಸದೆ ತಂದುಕೊಡಬೇಕು. ಅವಳು ನೋಡಿ, ಮುಂದಕ್ಕೆ ಕಳಿಸುತ್ತಾಳೆ.

“ಉತ್ತರ ಬರೀಲೇಬೇಕಾ?”

“ಖಂಡಿತ ಇಲ್ಲ, ಸರ್.”

ಪತ್ರವನ್ನು ಅವನು ಬಸ್ ಸ್ಟಾಪಿನ ಬೆಂಚಿನ ಮೇಲೆ ಕೂತು ಓದಿದ. ಕಂಪ್ಯೂಟರಿನಲ್ಲಿ ಟೈಪು ಮಾಡಿದ್ದು, ಅರ್ಧ ಪುಟವೂ ಇಲ್ಲ.

“ನಮಸ್ಕಾರ. ನೀವು ಯಾರೆಂದು ನನಗೆ ಗೊತ್ತಿಲ್ಲ. ನಾಲ್ಕು ವರ್ಷ ವಾರಕ್ಕೆ ಮೂರು ದಿನ ಯಂತ್ರವೊಂದು ನನ್ನ ರಕ್ತ ತೊಳೆಯುತ್ತಿತ್ತು. ದಿನಕ್ಕೆ ಎರಡು ಲೋಟಕ್ಕಿಂತ ಹೆಚ್ಚು ನೀರು ಕುಡಿಯುವಂತಿರಲಿಲ್ಲ. ಈಗ ಬಾಯಾರಿದರೆ ಲೋಟ ತುಂಬ ಕುಡಿಯುತ್ತೇನೆ. ಎಷ್ಟೋ ಸಲ ಬರೆದು ಹರಿದುಹಾಕಿದ್ದೇನೆ. ಏನು ಬರೆದರೂ ಕಡಿಮೆಯೇ. ನಾನು ಚೆನ್ನಾಗಿದ್ದೇನೆ ಎಂದು ನಿಮಗೆ ತಿಳಿಸಬೇಕಿತ್ತು. ತಿಳಿಸಿದ್ದಕ್ಕೆ ಕ್ಷಮಿಸಿ.”

ಎರಡು ಸಲ ಓದಿದ. ಕಾಗದ ಸಾಧಾರಣದ್ದು, ಕಚೇರಿಗಳಲ್ಲಿ ಬಳಸುವಂಥದ್ದು. ಮಡಿಕೆ ಸ್ವಲ್ಪ ಓರೆಯಾಗಿತ್ತು. ಅಷ್ಟರಲ್ಲಿ ಬಸ್ಸು ಬಂತು.

ಹೆಂಡತಿ ಪರದೆ ಹೊಲಿಯುವ ಅಂಗಡಿಗೆ ಕೆಲಸ ಮಾಡುತ್ತಾಳೆ. ಅರ್ಧ ಹೊಲಿಗೆ ಮನೆಯಲ್ಲೇ. ಅವನು ಒಳಗೆ ಬಂದಾಗ ನೆಲದ ಉದ್ದಕ್ಕೂ ಬೂದು ಬಣ್ಣದ ಬಟ್ಟೆ ಹರಡಿಕೊಂಡು, ಬಾಯಲ್ಲಿ ನಾಲ್ಕು ಗುಂಡುಸೂಜಿ ಕಚ್ಚಿಕೊಂಡು ಅಂಚು ಮಡಿಸುತ್ತಿದ್ದಳು.

“ಒಂದು ಪತ್ರ ಬಂದಿದೆ ಕಣೆ” ಎಂದು ಅವನು ವಿಷಯ ಹೇಳಿದ. “ಕಿಡ್ನಿ ಹಾಕಿಸಿಕೊಂಡವರದು. ಗಂಡಸೋ ಹೆಂಗಸೋ ಗೊತ್ತಾಗಲ್ಲ.”

ಅವಳು ಸೂಜಿಗಳನ್ನು ಒಂದೊಂದಾಗಿ ಬಾಯಿಂದ ತೆಗೆದು ಬಟ್ಟೆಗೆ ಚುಚ್ಚಿದಳು. ಕೊನೆಯದನ್ನೂ ಚುಚ್ಚಿದ ಮೇಲೆ, “ನನಗೆ ಬೇಡ” ಎಂದಳು.

“ಎರಡೇ ನಿಮಿಷ. ಓದಿ ಹೇಳ್ಲಾ?”

“ಬೇಡ ಅಂದ್ನಲ್ಲರೀ. ಕಾಲು ತೆಗೀರಿ, ಬಟ್ಟೆ ತುಳೀತಿದ್ದೀರಿ.”

ಅವನು ಕಾಲು ತೆಗೆದ. ಸಿಟ್ಟು ಸಹಿಯದ್ದೇ ಎಂದುಕೊಂಡ. ಇರಲಿ, ನ್ಯಾಯವೇ, ಎಂದೂ ಅಂದುಕೊಂಡ. ಪತ್ರವನ್ನು ಮಗಳ ಕೋಣೆಯ ಮೇಜಿನ ಮೇಲಿಟ್ಟು ಕೈಕಾಲು ತೊಳೆಯಲು ಹೋದ.

ಉತ್ತರ ಬರೆಯಬೇಕೆಂದು ಯಾವಾಗ ನಿರ್ಧರಿಸಿದನೋ ಅವನಿಗೇ ತಿಳಿಯದು. ಆದರೆ ಮರುವಾರ ಅಚ್ಚುಕೂಟದ ಮಾದರಿಗಳ ಕಪಾಟು ತೆರೆದು ನಿಂತಿದ್ದ. ಅಲ್ಲಿ ಗ್ರೀಟಿಂಗ್ ಕಾರ್ಡುಗಳಿಗೇನು ಕೊರತೆ. ಎಲೆ ಉದುರುವ ಕಾಲಕ್ಕೆಂದೇ ಪ್ರತಿ ವರ್ಷ ಒಂದು ಕಂತೆ ಕಾರ್ಡು ಅಚ್ಚಾಗುತ್ತಿತ್ತು: ಹಳದಿ ಮರ, ಕೆಂಪು ಮರ, ಮರದ ಕೆಳಗೊಂದು ಬೆಂಚು. ತನ್ನ ಆಯುಷ್ಯದಲ್ಲಿ ಅಂಥ ಕಾರ್ಡು ಎಷ್ಟು ಲಕ್ಷ ಕತ್ತರಿಸಿದ್ದನೋ. ಒಂದನ್ನೂ ಯಾರಿಗೂ ಕಳಿಸಿರಲಿಲ್ಲ. ಬೆಂಚು ಇರುವುದೊಂದನ್ನು ಆರಿಸಿ ಹಿಂದೆ ತಿರುಗಿಸಿದ. ಕೆಳಗೆ ಸಣ್ಣ ಅಕ್ಷರದಲ್ಲಿ ಅಚ್ಚುಕೂಟದ ಹೆಸರು, ಬೀದಿ, ಊರು. ಇನ್ನೊಂದು ತಿರುಗಿಸಿದ. ಅದರಲ್ಲೂ ಇತ್ತು. ಇರಲೇಬೇಕಲ್ಲ, ಆ ಸಾಲು ಅಂಚಿಗೆ ಬರದ ಹಾಗೆ ಕತ್ತರಿಸುವವನು ಅವನೇ.

“ಏನು ಹುಡುಕ್ತಿದ್ದೀಯೋ?” ಎಂದ ಇಂಕಣ್ಣ.

“ಹಿಂದೆ ಏನೂ ಬರೆದಿರದ ಕಾರ್ಡು.”

“ಅಂಥದ್ದು ಬೇಕಾದ್ರೆ ನೀನೇ ಕೂತು ಮಾಡ್ಕೋಬೇಕು.” ಇಂಕಣ್ಣ ನಗಾಡಿಕೊಂಡು ಹೇಳಿದ್ದು. ಮೇಸ್ತ್ರಿ ಅದನ್ನು ನಿಜವೆಂದೇ ತೆಗೆದುಕೊಂಡ. ಸಂಜೆ ಮಾಲೀಕರ ಅಪ್ಪಣೆ ಕೇಳಿ, ಯಾವುದೋ ಆಮಂತ್ರಣ ಪತ್ರಿಕೆಗೆ ತರಿಸಿ ಉಳಿದಿದ್ದ ಹತ್ತಿಯ ದಪ್ಪ ಕಾಗದದಿಂದ ಹನ್ನೆರಡು ತುಂಡು ಕತ್ತರಿಸಿಕೊಂಡ. ಬಟ್ಟೆಗಿರುವಂತೆ ಕಾಗದಕ್ಕೂ ಎಳೆಯ ದಿಕ್ಕಿರುತ್ತದೆ. ಆ ದಿಕ್ಕಿಗೇ ಮಡಿಸಿದರೆ ಮಡಿಕೆ ಒಡೆಯುವುದಿಲ್ಲ. ಹನ್ನೆರಡನ್ನೂ ಎಳೆ ನೋಡಿಯೇ ಕತ್ತರಿಸಿದ.

ಬಣ್ಣದ ಕೆಲಸಕ್ಕೆ ನಾದಿನಿ ಇದ್ದಳು. ಹೆಂಡತಿಯ ತಂಗಿ, ಶಾಲೆಯಲ್ಲಿ ಚಿತ್ರಕಲೆ ಕಲಿಸುವವಳು. ಅವಳಿಗೆ ಕೆಲಸ ಸಿಕ್ಕ ದಿನದಿಂದ ಮೇಸ್ತ್ರಿ ಅವಳನ್ನು ಟೀಚರಮ್ಮ ಎಂದೇ ಕರೆಯುವುದು. ಶನಿವಾರ ಮಧ್ಯಾಹ್ನ, ಮಕ್ಕಳೆಲ್ಲ ಮನೆಗೆ ಹೋದ ಮೇಲೆ, ಅವನು ಕಾಗದದ ಕಟ್ಟು ಹಿಡಿದು ಅವಳ ಚಿತ್ರಕಲೆ ಕೋಣೆಗೆ ಹೋದ. ಉದ್ದ ಉದ್ದ ಮೇಜುಗಳು, ಬಣ್ಣ ಮೆತ್ತಿದ ಸಿಂಕು, ದಾರಕ್ಕೆ ಕ್ಲಿಪ್ಪು ಹಾಕಿ ಒಣಗಲು ಬಿಟ್ಟ ನಲವತ್ತು ಮನೆಗಳ ಚಿತ್ರ. ನಲವತ್ತು ಮನೆಗೂ ಹೊಗೆಕೊಳವೆ ಒಂದೇ ಕಡೆ ವಾಲಿತ್ತು.

ಪತ್ರ ಓದಿ ನಾದಿನಿ ಅದನ್ನು ಮಡಿಸಿ ಹಿಂದಕ್ಕೆ ಕೊಟ್ಟಳು. ಆಮೇಲೆ, “ನಾನೇನು ಮಾಡ್ಲಿ ಭಾವ?” ಎಂದಳು.

“ಒಂದು ಚಿತ್ರ ಬರೆದುಕೊಡು. ಎಲೆ ಉದುರೋ ಕಾಲದ್ದು. ಈಗ ಅದೇ ಕಾಲ ತಾನೆ.”

“ನಾನು ಬರೆದ್ರೆ ಅದು ನನ್ನ ಕಾರ್ಡಾಗುತ್ತೆ. ನಿಮ್ಮದು ಹೇಗಾಗುತ್ತೆ?”

“ನನಗೆ ಒಂದು ಸೊನ್ನೆ ಬರೆಯೋಕೂ ಬರಲ್ಲ, ಟೀಚರಮ್ಮ.”

“ಏಳು ವರ್ಷದ ಮಕ್ಕಳಿಗೆ ಬರುತ್ತೆ. ನಿಮಗ್ಯಾಕೆ ಬರಲ್ಲ? ಹೋಗಿ, ಕಾಂಪೌಂಡಿನ ಹೊರಗೆ ಬಿದ್ದಿರೋದ್ರಲ್ಲಿ ನಾಲ್ಕು ಎಲೆ ಆರಿಸ್ಕೊಂಡು ಬನ್ನಿ. ತೀರಾ ಒಣಗಿದ್ದು ಬೇಡ.”

ಐವತ್ತನಾಲ್ಕು ವರ್ಷದ ಗಂಡಸು ರಸ್ತೆಯ ಬದಿಯಲ್ಲಿ ಬಗ್ಗಿ ಎಲೆ ಆರಿಸಿದ. ಸೈಕಲ್ಲಿನಲ್ಲಿ ಹೋಗುತ್ತಿದ್ದವನೊಬ್ಬ ಏನಾದರೂ ಕಳೆದುಹೋಗಿದೆಯೇ ಎಂದು ಕೇಳಿದ. ಇಲ್ಲ ಎಂದ ಮೇಸ್ತ್ರಿ. ಬೆರಳು ಬಿಡಿಸಿದ ಅಂಗೈಯಂಥ ಎಲೆಗಳು. ಒಂದೊಂದೂ ಒಂದು ಬಣ್ಣ, ಒಂದೇ ಎಲೆಯಲ್ಲಿ ಅರ್ಧ ಹಳದಿ ಅರ್ಧ ಇಟ್ಟಿಗೆ ಕೆಂಪು.

ನಾದಿನಿ ಕಾಗದದ ನಾಲ್ಕು ಅಂಚಿಗೂ ಟೇಪು ಅಂಟಿಸಿ ಹಲಗೆಗೆ ಬಿಗಿದಳು. ಎಲೆಯ ಸುತ್ತ ಪೆನ್ಸಿಲ್ಲಿನಲ್ಲಿ ತೆಳುವಾಗಿ ಗೆರೆ ಎಳೆಯಲು ಹೇಳಿದಳು. ಆಮೇಲೆ ದಪ್ಪ ಬ್ರಷ್ಷಿನಲ್ಲಿ ಬರೀ ನೀರು ತೆಗೆದುಕೊಂಡು ಗೆರೆಯ ಒಳಗೆ ಮಾತ್ರ ಒದ್ದೆ ಮಾಡಬೇಕು. ಒದ್ದೆ ಆರುವ ಮೊದಲು ಹಳದಿ ಮುಟ್ಟಿಸಬೇಕು. ಪಕ್ಕದಲ್ಲಿ ಕೇಸರಿ, ತುದಿಗೆ ಕಂದು.

“ಮುಟ್ಟಿಸಿ ಬಿಟ್ಟುಬಿಡಿ. ಉಜ್ಜಬೇಡಿ. ಅದೇ ಹರಡಿಕೊಳ್ಳುತ್ತೆ.”

ಮೇಸ್ತ್ರಿಗೆ ಬಿಟ್ಟುಬಿಡಲು ಬರಲಿಲ್ಲ. ಬಣ್ಣ ಗೆರೆಯ ಹತ್ತಿರ ಹೋದಂತೆ ಬ್ರಷ್ಷು ಹಿಡಿದು ಹಿಂದಕ್ಕೆ ತಳ್ಳಿದ. ತಳ್ಳಿದಷ್ಟೂ ಮೂರು ಬಣ್ಣವೂ ಸೇರಿ ಕೆಸರಾಯಿತು. ಅಂಚುಗಳನ್ನು ಮಾತ್ರ ಅಳತೆಪಟ್ಟಿ ಇಟ್ಟಂತೆ ನೇರ ಮಾಡಿದ್ದ.

ನಾದಿನಿ ಕತ್ತು ಓರೆ ಮಾಡಿ ನೋಡಿದಳು. “ಬೇಜಾರು ಮಾಡ್ಕೋಬೇಡಿ ಭಾವ. ಇದು ಚಪ್ಪಲಿ ಥರ ಇದೆ.”

“ಎಡಗಾಲಿಂದೋ ಬಲಗಾಲಿಂದೋ?”

ಅವಳಿಗೆ ನಗು ಬಂತು. ಮೇಸ್ತ್ರಿ ನಗಲಿಲ್ಲ. ಮಾತು ಹಳೆಯ ಅಭ್ಯಾಸದಿಂದ ತಾನಾಗಿ ಹೊರಟದ್ದು, ಅಷ್ಟೆ. ಅವಳಿಗೂ ಅದು ತಿಳಿದು, ಇನ್ನೊಂದು ತುಂಡು ಅಂಟಿಸಿಕೊಟ್ಟಳು.

ಎರಡನೆಯದು, ಮೂರನೆಯದು, ನಾಲ್ಕನೆಯದು ಕೆಟ್ಟವು. ಐದನೆಯದರಲ್ಲಿ ನೀರು ಹೆಚ್ಚಾಗಿ ಬಣ್ಣವೆಲ್ಲ ಒಂದು ಮೂಲೆಗೆ ಹೋಗಿ ಕೂತಿತು. ಆರನೆಯದರ ಎಲೆ ಎಲೆಯಂತೆ ಕಂಡಿತು. ನಾದಿನಿ ಒಂದು ಚಿಟಿಕೆ ಉಪ್ಪು ತಂದು ಒದ್ದೆ ಬಣ್ಣದ ಮೇಲೆ ಉದುರಿಸಿದಳು. ಉಪ್ಪಿನ ಹರಳು ಬಿದ್ದಲ್ಲೆಲ್ಲ ಬಣ್ಣ ಸರಿದು, ಹಣ್ಣೆಲೆಯ ಮೇಲಿನ ಚುಕ್ಕೆಗಳ ಹಾಗೆ ಬೆಳ್ಳಗಿನ ಹೂವು ಎದ್ದವು.

“ಈಗ ನರ ಎಳೀಲಾ?” ಎಂದ ಮೇಸ್ತ್ರಿ.

“ಈಗ ಏನೂ ಮಾಡೋ ಹಾಗಿಲ್ಲ. ಒಣಗಬೇಕು. ಇಪ್ಪತ್ತು ನಿಮಿಷ ಕೈ ಕಟ್ಟಿ ಕೂತ್ಕೊಳ್ಳಿ.”

ಅವನು ಕೂತ, ಅವಳು ಸಿಂಕಿನಲ್ಲಿ ಬ್ರಷ್ಷು ತೊಳೆಯತೊಡಗಿದಳು. ಮಕ್ಕಳ ಅಳತೆಯ ಸ್ಟೂಲು, ಮೇಸ್ತ್ರಿಯ ಮೊಣಕಾಲು ಎದೆಯವರೆಗೆ ಬಂದಿತ್ತು. ಅವನಿಗೆ ಸುಮ್ಮನೆ ಕೂತು ಅಭ್ಯಾಸ ತಪ್ಪಿತ್ತು. ಈ ಹನ್ನೊಂದು ತಿಂಗಳು ಎದ್ದಾಗಿನಿಂದ ಮಲಗುವವರೆಗೆ ಕೈಗೆ ಏನಾದರೂ ಒಂದು ಕೆಲಸ ಹಚ್ಚಿಕೊಂಡೇ ಇದ್ದ. ಐದು ನಿಮಿಷ ಕಳೆದಿರಬಹುದು, ಯಾರೂ ಕೇಳದೆಯೇ ಅವನು ಹೇಳಿದ:

“ಆವತ್ತು ನಿಮ್ಮಕ್ಕ ಬರೋವರೆಗೆ ನಾನು ಕಾಯ್ಬೇಕಿತ್ತು.”

ನಾದಿನಿ ಬ್ರಷ್ಷು ತೊಳೆಯುವುದನ್ನು ನಿಲ್ಲಿಸಿದಳು.

“ಅರ್ಧ ಗಂಟೆ ತಡ ಆಗಿದ್ರೆ ಏನೂ ಮುಳುಗ್ತಿರಲಿಲ್ಲ. ಆ ಹೆಂಗಸು ಅವಸರ ಮಾಡಲೂ ಇಲ್ಲ. ಪೆನ್ನು ಕೊಟ್ಳು, ಹಾಕಿಬಿಟ್ಟೆ. ಗೇಟ್ ಪಾಸಿಗೆ ಹಾಕ್ತೀವಲ್ಲ, ಹಾಗೆ.”

“ಅಕ್ಕನಿಗೆ ಇದನ್ನ ಹೇಳಿದ್ದೀರಾ?”

“ಏನು ಹೇಳೋದು? ಅವಳಿಗೆ ಗೊತ್ತೇ ಇದೆಯಲ್ಲ.”

“ನೀವು ಸಹಿ ಹಾಕಿದ್ದು ಗೊತ್ತು. ಕಾಯ್ಬೇಕಿತ್ತು ಅಂತ ನಿಮಗೆ ಅನ್ಸಿರೋದು ಗೊತ್ತಿಲ್ವಲ್ಲ ಭಾವ.”

ಮೇಸ್ತ್ರಿ ಬೆರಳ ಹಿಂಬದಿಯಿಂದ ಕಾಗದ ಮುಟ್ಟಿ ನೋಡಿದ. ಇನ್ನೂ ತಣ್ಣಗಿತ್ತು. ತಣ್ಣಗಿದ್ದರೆ ಒಣಗಿಲ್ಲ ಎಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಒಣಗಿದ ಮೇಲೆ ಉಪ್ಪು ಉಜ್ಜಿ ತೆಗೆದು, ಸಣ್ಣ ಬ್ರಷ್ಷಿನ ಮೊನೆಯಲ್ಲಿ ನರ ಎಳೆದ. ಈ ಕೆಲಸಕ್ಕೆ ಅವನ ಕೈ ಹೇಳಿಮಾಡಿಸಿದಂತಿತ್ತು. ತೊಟ್ಟಿನಿಂದ ಹೊರಟು ಐದು ಬೆರಳಿಗೂ ಹರಿಯುವ ಗೆರೆ ಒಂದೇ ಸಲಕ್ಕೆ ಬಂತು. ಟೇಪು ಬಿಡಿಸಿದಾಗ ಸುತ್ತ ಬಿಳಿಯ ಅಂಚು ನೆಟ್ಟಗೆ ನಿಂತಿತು. ಎಲೆ ಅಂಥ ಅದ್ಭುತವೇನಲ್ಲ. ಒಂದು ಕಡೆ ಹಳದಿ ಗೆರೆ ದಾಟಿ ಹೊರಗೆ ಹರಿದಿತ್ತು. ಸರಿಮಾಡಲು ಹೊರಟವನ ಕೈಯಿಂದ ನಾದಿನಿ ಬ್ರಷ್ಷು ಕಿತ್ತುಕೊಂಡಳು.

“ಇದು ಇರಲಿ. ಕೈಯಲ್ಲಿ ಮಾಡಿದ್ದು ಅಂತ ಅವರಿಗೆ ಗೊತ್ತಾಗ್ಲಿ.”

ಮನೆಗೆ ತಂದು ಮಗಳ ಕೋಣೆಯ ಮೇಜಿನ ಮೇಲೆ, ಪತ್ರದ ಪಕ್ಕ ಇಟ್ಟ. ಮಡಿಕೆ ಬರುವಲ್ಲಿ ಚಮಚದ ಹಿಡಿಯಿಂದ ಗೆರೆ ಒತ್ತಿ, ಸರಿಯಾಗಿ ಮಡಿಸಿದ. ಚಿತ್ರ ಮುಗಿದಿತ್ತು. ಒಳಗೆ ಬರೆಯುವುದು ಬಾಕಿ. ಭಾನುವಾರ ಬೆಳಿಗ್ಗೆ ತಿಂಡಿಯಾದ ಮೇಲೆ ಪೆನ್ನು ಹಿಡಿದು ಕೂತ. ಬೇರೆ ಕಾಗದದ ಮೇಲೆ ‘ನಮಸ್ಕಾರ’ ಎಂದು ಬರೆದ. ಅದರ ಕೆಳಗೆ ‘ನಿಮ್ಮ ಪತ್ರ ತಲುಪಿತು’ ಎಂದು ಬರೆದ. ಕಾಗದದ ಲೋಡು ತಲುಪಿದ್ದಕ್ಕೆ ಕೊಡುವ ರಸೀದಿಯಂತೆ ಕಂಡಿತು. ಹೊಡೆದುಹಾಕಿದ.

ಹೆಂಡತಿ ಪರದೆಗಳನ್ನು ಮಡಿಸಿಡಲು ಆ ಕೋಣೆಗೆ ಬಂದಳು. ಕೋಣೆಯ ಕಪಾಟಿನಲ್ಲಿ ಜಾಗ ಹೆಚ್ಚಿದ್ದರಿಂದ ಈಚೆಗೆ ಅಲ್ಲೇ ಇಡುತ್ತಿದ್ದಳು. ಮೇಜಿನ ಮೇಲಿನ ಎಲೆ ನೋಡಿ ನಿಂತಳು.

“ತಂಗಿ ಬರೆದಿದ್ದಾ?”

“ನಾನು.”

ಅವಳು ಗಂಡನ ಮುಖ ನೋಡಿದಳು. ಆಮೇಲೆ ಕಾರ್ಡು ಕೈಗೆತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು. ಬಟ್ಟೆ ಪರೀಕ್ಷಿಸುವಾಗ ಹಾಗೆಯೇ ಹಿಡಿಯುವುದು ಅವಳ ರೂಢಿ.

ಮೇಸ್ತ್ರಿ ಹೇಳಿಬಿಟ್ಟ. “ಆವತ್ತು ನಿನ್ನನ್ನು ಕೇಳದೆ ಸಹಿ ಹಾಕಿದೆ. ನೀನು ಬರೋವರೆಗೆ ಕಾಯ್ಬೇಕಿತ್ತು. ನಿನಗೆ ಆ ಸಿಟ್ಟಿದೆ ಅಂತ ನನಗೆ ಗೊತ್ತು.”

“ಇದೆ” ಎಂದಳು ಹೆಂಡತಿ. “ಕೊಟ್ಟಿದ್ದಕ್ಕಲ್ಲ. ನನ್ನ ಕೇಳಿದ್ರೂ ನಾನು ಹೂಂ ಅಂತಿದ್ದೆ. ನೀವು ಒಬ್ರೇ ಹಾಕಿದ್ರಲ್ಲ, ಅದಕ್ಕೆ. ನನಗೂ ಸಹಿ ಹಾಕೋಕೆ ಬರುತ್ತೆ ರೀ. ಅವಳಿಗೋಸ್ಕರ ಮಾಡೋ ಕೆಲಸ ಅಂತ ಅದೊಂದು ಉಳಿದಿತ್ತು. ಅದನ್ನೂ ನೀವೇ ಮಾಡಿಬಿಟ್ರಿ.”

ಹನ್ನೊಂದು ತಿಂಗಳಲ್ಲಿ ಅವಳು ಒಟ್ಟಿಗೆ ಆಡಿದ ಅತಿ ಉದ್ದದ ಮಾತು ಅದು. ಅವನು ತಲೆ ತಗ್ಗಿಸಿ ಕೇಳಿದ.

“ಮತ್ತೆ ಈ ಪತ್ರ ಯಾಕೆ ಬೇಡ ಅಂದೆ?” ಎಂದು ಕೊನೆಗೆ ಕೇಳಿದ.

ಅವಳು ಮಂಚದ ತುದಿಗೆ ಕೂತಳು. “ಇವತ್ತು ಚೆನ್ನಾಗಿದ್ದೀನಿ ಅಂತ ಬರೆದಿದ್ದಾರೆ. ನಾಳೆ ಅವರಿಗೆ ಏನಾದ್ರೂ ಆದ್ರೆ? ಒಂದ್ಸಲ ಓದಿಬಿಟ್ರೆ ನಾನು ಇನ್ನೊಂದು ಪತ್ರಕ್ಕೆ ಕಾಯ್ತೀನಿ. ಅದು ಬರದೇ ಹೋದ್ರೆ ಅವಳು ಇನ್ನೊಂದ್ಸಲ ಹೋದ ಹಾಗೆ. ಐದು ಜನದ ಹತ್ರ ಇದ್ದಾಳೆ ಅಂದ್ರೆ ಐದು ಸಲ ಹೋಗ್ತಾಳೆ ಅಂತಾನೂ ಅಲ್ವಾ? ನನ್ನ ಕೈಲಿ ಒಂದ್ಸಲ ಆಗಿದ್ದೇ ಸಾಕಾಗಿದೆ.”

ಅವಳ ದನಿ ಏರಲೂ ಇಲ್ಲ, ನಡುಗಲೂ ಇಲ್ಲ. ಪರದೆಯ ಅಳತೆ ಹೇಳುವ ದನಿಯಲ್ಲೇ ಹೇಳಿದಳು. ಕೇಳಿದ ಮೇಸ್ತ್ರಿಗೆ, ಇವಳೂ ತನ್ನ ಹಾಗೆಯೇ ಮರಗಟ್ಟಿ ಕೂತವಳು ಎಂದು ಮೊದಲ ಸಲ ಹೊಳೆಯಿತು. ಇಷ್ಟು ದಿನ ಒಂದೇ ಮನೆಯಲ್ಲಿ ಓಡಾಡುತ್ತ, ಅವಳದು ಸಿಟ್ಟು, ಮರಗಟ್ಟಿದ್ದು ತಾನು ಮಾತ್ರ ಎಂದುಕೊಂಡಿದ್ದ.

ಅವನು ಎದ್ದು ಅಡುಗೆಮನೆಗೆ ಹೋಗಿ ಇಬ್ಬರಿಗೂ ಚಹಾ ಕಾಯಿಸಿದ. ಸಕ್ಕರೆ ಹಾಕಿದೆನೋ ಇಲ್ಲವೋ ನೆನಪಾಗದೆ ಚಮಚದಲ್ಲಿ ನೆಕ್ಕಿ ನೋಡಿದ. ಹಿಂದಿರುಗಿ ಬಂದಾಗ ಹೆಂಡತಿ ಅದೇ ಮೇಜಿನ ಮುಂದೆ ಕೂತಿದ್ದಳು. ಪತ್ರ ಬಿಚ್ಚಿತ್ತು. ಅವಳು ಅದನ್ನು ಓದಿಯಾಗಿತ್ತು. ಕಾರ್ಡಿನ ಒಳಗೆ, ಬೇರೆ ಕಾಗದದಲ್ಲಿ ಬರೆದು ನೋಡುವ ಗೋಜಿಗೂ ಹೋಗದೆ, ನೇರವಾಗಿ ಬರೆಯುತ್ತಿದ್ದಳು. ಬರೆದು ಮುಗಿಸಿ ಅವನ ಕಡೆಗೆ ತಳ್ಳಿದಳು.

“ನಮ್ಮ ಮಗಳು ಯಾವತ್ತೂ ಲೋಟದ ನೀರು ಪೂರ್ತಿ ಕುಡಿದವಳಲ್ಲ. ಮನೆಯ ತುಂಬ ಅರ್ಧ ಕುಡಿದಿಟ್ಟ ಲೋಟಗಳು ಸಿಗುತ್ತಿದ್ದವು. ನಾನು ಬೈಯುತ್ತಿದ್ದೆ. ನೀವು ಪೂರ್ತಿ ಕುಡಿಯಿರಿ. ಕ್ಷಮೆ ಕೇಳಬೇಡಿ. ಎಲೆಯ ಚಿತ್ರ ಅವಳ ತಂದೆ ಬರೆದದ್ದು.”

ಮೇಸ್ತ್ರಿ ಅದನ್ನು ಓದಿದ. ಕಿಟಕಿಯ ಕಟ್ಟೆ, ಮಂಚದ ಕೆಳಗೆ, ಬಚ್ಚಲ ಗೂಡು, ಮೆಟ್ಟಿಲ ಮೂರನೆಯ ಹಂತ, ಎಲ್ಲ ಕಡೆಯ ಲೋಟಗಳೂ ಒಮ್ಮೆಗೇ ಕಣ್ಣ ಮುಂದೆ ಬಂದವು. ಎದೆಯೊಳಗೆ ಏನೋ ಒಂದು ಸ್ವಲ್ಪ ಸರಿಯಿತು. ಸರಿದು ಅಲ್ಲೇ ನಿಂತಿತು. ಅಳು ಆಗಲೂ ಬರಲಿಲ್ಲ.

“ಚಹಾ ಆರುತ್ತೆ” ಎಂದ. ಇಬ್ಬರೂ ಕುಡಿದರು.

ಸೋಮವಾರ ಆಸ್ಪತ್ರೆಗೆ ಹೊರಟಾಗ ಹೆಂಡತಿಯೂ ಚಪ್ಪಲಿ ಮೆಟ್ಟಿದಳು. ಸಂಯೋಜಕಿ ಕಾರ್ಡು ಬಿಡಿಸಿ ಓದಿದಳು, ಹಿಂದೆ ತಿರುಗಿಸಿ ನೋಡಿದಳು. ಹಿಂಬದಿ ಖಾಲಿಯಿತ್ತು. ನಿಯಮಕ್ಕೆ ವಿರುದ್ಧವಾದದ್ದು ಏನೂ ಇಲ್ಲವೆಂದು ಹೇಳಿ, ಒಂದು ಪ್ರತಿ ತೆಗೆದು ಫೈಲಿಗೆ ಸೇರಿಸಿದಳು. ಕಾರ್ಡನ್ನು ಲಕೋಟೆಗೆ ಹಾಕಿ, “ಒಂದು ವಾರದೊಳಗೆ ಅವರಿಗೆ ಮುಟ್ಟುತ್ತೆ” ಎಂದಳು.

ಮೇಸ್ತ್ರಿ ಎದ್ದ. ಹೆಂಡತಿ ಏಳಲಿಲ್ಲ.

“ಉಳಿದ ನಾಲ್ಕು ಜನ ಇದ್ದಾರಲ್ಲ” ಎಂದಳು ಸಂಯೋಜಕಿಗೆ. “ಅವರು ಬರೀದೇ ಇದ್ರೂ ನಾವೇ ಮೊದಲು ಬರೀಬಹುದಾ?”

“ಬರೀಬಹುದು, ಅಮ್ಮ. ಆದ್ರೆ ಕೆಲವರು ಉತ್ತರ ಕೊಡಲ್ಲ. ಕೆಲವರಿಗೆ ಪತ್ರ ಬಿಡಿಸೋಕೂ ಧೈರ್ಯ ಇರಲ್ಲ. ಮತ್ತೆ...” ಅವಳು ತಡೆದಳು. “ಎಲ್ಲರ ಸುದ್ದಿನೂ ಒಳ್ಳೆಯದೇ ಇರುತ್ತೆ ಅಂತ ನಾನು ಹೇಳೋಕಾಗಲ್ಲ.”

“ಹೇಳಬೇಡಿ” ಎಂದಳು ಹೆಂಡತಿ. “ಅದನ್ನ ತಿಳ್ಕೊಳ್ಳೋಕೆ ಅಲ್ಲ. ನಾವು ಚೆನ್ನಾಗಿದ್ದೀವಿ ಅಂತ ಅವರಿಗೂ ಗೊತ್ತಾಗ್ಲಿ ಅಂತ.”

ಚೆನ್ನಾಗಿದ್ದೀವಾ ಎಂದು ಮೇಸ್ತ್ರಿ ಕೇಳಲಿಲ್ಲ. ದಾರಿಯಲ್ಲಿ ಬರುವಾಗ, “ಕಾಗದ ಇನ್ನೂ ಆರು ತುಂಡು ಇದೆ” ಎಂದ.

“ಆರು ಸಾಕಾಗುತ್ತಾ? ತಂಗಿ ಹೇಳಿದ್ಳು, ನೀವು ಐದು ಕೆಡಿಸಿದ್ರಂತೆ.”

“ಈಗ ಕೈ ಕೂತಿದೆ.”

“ನನ್ನದು ಕೂತಿಲ್ವಲ್ಲ.”

ಆ ಶನಿವಾರ ನಾದಿನಿಯ ಕೋಣೆಯಲ್ಲಿ ಇಬ್ಬರೂ ಮಕ್ಕಳ ಸ್ಟೂಲಿನ ಮೇಲೆ ಅಕ್ಕಪಕ್ಕ ಕೂತರು. ಹೆಂಡತಿ ಬ್ರಷ್ಷನ್ನು ಸೂಜಿಯಂತೆ ಹಿಡಿದು, ಬಣ್ಣವನ್ನು ಕಾಗದಕ್ಕೆ ಚುಚ್ಚಿದಳು. ಮೊದಲನೆಯದು ಕೆಟ್ಟಿತು. ಅಕ್ಕನ ಕೈ ಹಿಡಿದು ತಿದ್ದಲು ತಂಗಿ ಹೋದಾಗ, “ನೀನು ಸುಮ್ಮನಿರೆ, ಅವರು ಹೇಳ್ತಾರೆ” ಎಂದಳು. ಮೇಸ್ತ್ರಿ ಹೇಳಿಕೊಟ್ಟ. ಆ ದಿನ ಎರಡು ಕಾರ್ಡು ಆದವು, ಮುಂದಿನ ವಾರ ಇನ್ನೆರಡು. ನಾಲ್ಕರ ಒಳಗೂ ಹೆಂಡತಿಯೇ ಬರೆದಳು. ನಾಲ್ಕರಲ್ಲೂ ಬೇರೆ ಬೇರೆ ಮಾತು. ಅವಳು ಬರೆಯುವುದನ್ನು ನೋಡುತ್ತ ಅವನು ಎದುರಿಗೆ ಕೂತಿರುತ್ತಿದ್ದ. ಮಗಳ ಬಗ್ಗೆ ತನಗೆ ಗೊತ್ತಿಲ್ಲದ ಒಂದೆರಡು ಸಂಗತಿ ಆಗ ತಿಳಿದವು. ಚಿಕ್ಕಂದಿನಲ್ಲಿ ಶಾಲೆಯ ಬಸ್ಸಿನಲ್ಲಿ ಕೂತು, ಅಪ್ಪನ ಅಚ್ಚುಕೂಟ ಬಂದಾಗಲೆಲ್ಲ ಪಕ್ಕದವರಿಗೆ ತೋರಿಸುತ್ತಿದ್ದಳಂತೆ.

ಮೊದಲ ಕಾರ್ಡು ಪಡೆದವರು ಎರಡು ತಿಂಗಳ ನಂತರ ಎರಡು ಸಾಲು ಬರೆದರು. ಉಳಿದವರಲ್ಲಿ ಒಬ್ಬರ ತಾಯಿ ಬರೆದಳು, ಮಗು ಈಗ ಓಡುತ್ತದೆ ಎಂದು. ಇನ್ನು ಮೂವರಿಂದ ಏನೂ ಬರಲಿಲ್ಲ. ಆಸ್ಪತ್ರೆಯ ಲಕೋಟೆ ಈಗ ಅಂಚೆಯಲ್ಲೇ ಬರುತ್ತದೆ. ಹೆಂಡತಿ ಅಂಚೆಯ ಡಬ್ಬಿ ತೆರೆದು ನೋಡುತ್ತಾಳೆ, ಮುಚ್ಚುತ್ತಾಳೆ. ಮಾತು ಬೆಳೆಸುವುದಿಲ್ಲ. ಮೇಸ್ತ್ರಿ ಕೆಲಸಕ್ಕೆ ಹೋಗುತ್ತಾನೆ. ಮನೆಯಲ್ಲಿ ಯಾವ ಕಾಗದ ಬಂದರೂ ಇಬ್ಬರೂ ಸಹಿ ಹಾಕುತ್ತಾರೆ, ಗ್ಯಾಸಿನ ರಸೀದಿಗೂ.